ಲಿಸ್ಬನ್ನಿನ ಜೋಡಿಯೂ ನಮ್ಮ ಹುಡುಗರ ಗಿಟಾರೂ

ಒಬ್ಬನದು ಹೆಣ ಹೂಳುವ ಕಸುಬಿನವನ ವೇಷ, ತಲೆಯ ಮೇಲೆ ಎತ್ತರದ ಕರಿಯ ಟೋಪಿ. ಇನ್ನೊಬ್ಬ ಹಳೆಯ ಸಿನಿಮಾದ ಗ್ಯಾಂಗ್‌ಸ್ಟರ್‌ನಂತೆ ಸೂಟು ತೊಟ್ಟು, ಆಳೆತ್ತರದ ಡಬಲ್ ಬಾಸ್ ಹಿಡಿದು ನಿಂತಿದ್ದಾನೆ. ಲಿಸ್ಬನ್ನಿನ ‘ಡೆಡ್ ಕಾಂಬೋ’ ಎಂದರೆ ಇವರಿಬ್ಬರೇ: ಗಿಟಾರಿಗೆ ತೊ ಟ್ರಿಪ್ಸ್, ಬಾಸಿಗೆ ಪೆದ್ರೊ ಗೊನ್ಸಾಲ್ವಿಸ್. (ಹೆಸರು ಕೇಳಿ ನಮ್ಮ ಮಂಗಳೂರಿನವರೆಂದು ತಿಳಿಯಬೇಡಿ.) ಪೋರ್ಚುಗಲ್ಲಿನ ವಿಷಾದದ ಹಾಡುಗಾರಿಕೆಯಾದ ಫಾದೊ, ಅಮೆರಿಕದ ಬ್ಲೂಸ್, ರಾಕ್ ಮೂರನ್ನೂ ಬೆರೆಸಿದ ಈ ಜೋಡಿ ಈಗ ನೆನಪಾಗಲು ಕಾರಣವಿದೆ. ನಾವು ನಡೆಸುವ ರಾಜ್ಯೋತ್ಸವಕ್ಕೆ ನಮ್ಮ ಹುಡುಗರು ಶಿಶುನಾಳ ಷರೀಫರ ತತ್ವಪದವನ್ನು ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಹಾಡುತ್ತಾರೆಂದು ತಿಳಿದದ್ದೇ ತಡ, ಹಿರಿಯರಿಂದ ಆಕ್ಷೇಪಣೆಯ ಪತ್ರಗಳು ಬಂದಿವೆ.

ಫಾದೊಗೂ ಕಟ್ಟುಪಾಡುಗಳು ಕಡಿಮೆಯಿಲ್ಲ. ಲಿಸ್ಬನ್ನಿನ ಅಲ್ಫಾಮಾ, ಮೊರಾರಿಯಾ ಕೇರಿಗಳ ಫಾದೊ ಮನೆಗಳಲ್ಲಿ ಹಾಡು ಶುರುವಾಗುವ ಮುನ್ನ ದೀಪ ತಗ್ಗಿಸುತ್ತಾರೆ. ತಟ್ಟೆ ಲೋಟಗಳ ಸದ್ದು ನಿಲ್ಲಬೇಕು. ಕರಿಯ ಶಾಲು ಹೊದ್ದ ಗಾಯಕಿಯ ಹಿಂದೆ 12 ತಂತಿಯ ಪೋರ್ಚುಗೀಸ್ ಗಿಟಾರು. 2011ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಫಾದೊ ಸೇರಿತು. ಇಂಥದ್ದನ್ನು ಮುಟ್ಟಿದರೆ ಮಡಿ ಕೆಡುತ್ತದೆ ಎನ್ನುವವರು ಅಲ್ಲಿಯೂ ಇದ್ದಾರೆ. ಆದರೆ ಅಷ್ಟು ಮಡಿಯ ಆ ಗಿಟಾರಿನ ಪೂರ್ವಜರಲ್ಲಿ 18ನೇ ಶತಮಾನದಲ್ಲಿ ಪೋರ್ಟೊ ಬಂದರಿಗೆ ಬಂದಿಳಿದ ಇಂಗ್ಲಿಷ್ ಗಿಟಾರೂ ಒಂದು! 1965ರಲ್ಲಿ ಫಾದೊ ಗಾಯಕಿ ಅಮಾಲಿಯಾ ರೊಡ್ರಿಗಸ್ ಮಹಾಕವಿ ಕಮೋಯಿನ್ಸ್‌ನ ಪದ್ಯಗಳನ್ನು ಫಾದೊದಲ್ಲಿ ಹಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಇಂದು ಸಂಪ್ರದಾಯದ ಹೆಸರು ಹೇಳುವವರು ಮೊದಲು ಮಾದರಿಯೆಂದು ಬೆರಳು ತೋರಿಸುವುದು ಅದೇ ಅಮಾಲಿಯಾ ಕಡೆಗೆ.

ಡೆಡ್ ಕಾಂಬೋ ಹುಟ್ಟಿದ್ದು 2003ರಲ್ಲಿ, ಪೋರ್ಚುಗೀಸ್ ಗಿಟಾರಿನ ಮಹಾವಿದ್ವಾಂಸ ಕಾರ್ಲೋಸ್ ಪರೇದೆಸ್ ಅವರ ಗೌರವಾರ್ಥ ತಂದ ಧ್ವನಿಮುದ್ರಿಕೆಗೆ ಒಂದು ರಚನೆ ಮಾಡಿಕೊಡಲು. ಪರೇದೆಸ್ ಹೊಟ್ಟೆಪಾಡಿಗೆ ಲಿಸ್ಬನ್ನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಕಡತಗಳನ್ನು ಜೋಡಿಸಿಡುತ್ತಿದ್ದವರು. ಸಲಜಾರನ ಸರ್ವಾಧಿಕಾರದಲ್ಲಿ ಜೈಲು ಕಂಡವರು. ಅಂಥವರಿಗೆ ಗೌರವ ಸಲ್ಲಿಸಲು ಹೊರಟ ಈ ಇಬ್ಬರು ಅವರ ಬೆರಳುಗಾರಿಕೆಯ ನಕಲು ಮಾಡಲಿಲ್ಲ. ಮುಂದೆಯೂ ಅಷ್ಟೇ. ಫಾದೊದ ವಿಷಾದವನ್ನು ಇಟ್ಟುಕೊಂಡು ಗಾಯಕಿಯನ್ನೇ ಬಿಟ್ಟರು. ಸಾಲು ಮುಗಿಯುವಲ್ಲಿ ಗಾಯಕಿ ಎಳೆದು ನಿಲ್ಲುವ ಜಾಗದಲ್ಲಿ ಟ್ರಿಪ್ಸ್‌ನ ತಂತಿ ನಡುಗುತ್ತದೆ, ಕೆಳಗೆ ಬಾಸ್ ನಿಧಾನವಾಗಿ ಹೆಜ್ಜೆ ಹಾಕುತ್ತದೆ. 2012ರಲ್ಲಿ ಅಮೆರಿಕದ ಬಾಣಸಿಗ ಆಂಥನಿ ಬೋರ್ಡೇನ್ ತಮ್ಮ ಟೆಲಿವಿಷನ್ ಕಾರ್ಯಕ್ರಮದ ಲಿಸ್ಬನ್ ಕಂತಿನಲ್ಲಿ ಇವರನ್ನು ತೋರಿಸಿದ ಮೇಲೆ ಅಮೆರಿಕದಲ್ಲೂ ಇವರ ಆಲ್ಬಮ್‌ಗಳನ್ನು ಹುಡುಕಿ ಕೊಂಡರು. 2021ರ ಡಿಸೆಂಬರ್‌ನಲ್ಲಿ ಗೊನ್ಸಾಲ್ವಿಸ್ ತೀರಿಕೊಂಡರು.

ಬೆರಕೆಯೆಲ್ಲ ಚೆನ್ನ ಎನ್ನುವ ಪಂಗಡದವನು ನಾನಲ್ಲ. ಹಾಡಿನ ಹಿಂದೆ ಸುಮ್ಮನೆ ಡ್ರಮ್ಸ್ ಬಡಿದು ‘ಫ್ಯೂಷನ್’ ಎಂದು ಹೆಸರಿಟ್ಟದ್ದನ್ನು ಬೇಕಾದಷ್ಟು ಕೇಳಿ ಕಿವಿ ತೂತಾಗಿದೆ. ಈ ಜೋಡಿಗೆ ಅದು ಒಲಿದದ್ದು ಎರಡೂ ಕಡೆಯನ್ನು ಬಲ್ಲವರಾದ್ದರಿಂದ. ಟ್ರಿಪ್ಸ್ ರಾಕ್ ತಂಡದಲ್ಲಿ ಪಳಗಿದವನು, ಜೊತೆಗೆ ಲಿಸ್ಬನ್ನಿನವನು.

ಇನ್ನು ಷರೀಫರ ವಿಚಾರ. ಉತ್ತರ ಕರ್ನಾಟಕದ ಭಜನಾ ಮೇಳಗಳು ಏಕತಾರಿ, ದಮ್ಮಡಿಗಳೊಂದಿಗೆ ಹಾಡಿಕೊಂಡು ಬಂದ ಪದಗಳಿವು. ಪತ್ರ ಬರೆದ ಹಿರಿಯರು ‘ಮೂಲ ಧಾಟಿ’ ಎಂದು ಗುನುಗುವುದು ಬಹುಮಟ್ಟಿಗೆ ಸಿ. ಅಶ್ವತ್ಥ್ ಹಾಕಿದ ಧಾಟಿ, ವಾದ್ಯವೃಂದದ ಸಮೇತ. ರಘು ದೀಕ್ಷಿತ್ ಅದೇ ಷರೀಫರನ್ನು ಗಿಟಾರಿಗೆ ಕೂಡಿಸಿ ಹಾಡಿದಾಗ ನಮ್ಮ ಮಕ್ಕಳು ಮೊದಲ ಬಾರಿಗೆ ಸಾಹಿತ್ಯದ ಅರ್ಥ ಕೇಳಿದರು.

ಹುಡುಗರಿಗೆ ನಮ್ಮದು ಒಂದೇ ಷರತ್ತು: ಗಿಟಾರು ಹಚ್ಚುವ ಮೊದಲು, ನಮ್ಮ ನಡುವೆಯೇ ಇರುವ ಧಾರವಾಡದ ಕಡೆಯ ಹಿರಿಯರೊಬ್ಬರ ಮುಂದೆ ಕುಳಿತು ಪದವನ್ನು ಬರೀ ಬಾಯಲ್ಲಿ ಕಲಿಯಬೇಕು. ಒಪ್ಪಿದ್ದಾರೆ. ಕಾರ್ಯಕ್ರಮ ಪಟ್ಟಿಯಲ್ಲಿ ಅವರಿಗೆ ಊಟಕ್ಕೆ ಮುಂಚಿನ ಸಮಯವನ್ನೇ ಕೊಟ್ಟಿದ್ದೇವೆ. ಬಿಸಿಬೇಳೆ ಬಾತ್ ಆದ ಮೇಲೆ ನಮ್ಮ ಸಭಾಂಗಣದಲ್ಲಿ ಯಾರು ಕೂತಿರುತ್ತಾರೆ?