ಹಳೆ ಸೋಲಾರ್ ಟ್ಯಾಂಕಿಗೆ ಇನ್ನು ವೆಲ್ಡಿಂಗ್ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಅಣ್ಣಾರಿಗೆ, ಅಕ್ಕಾರಿಗೆ, ಕಾಕಾ-ಕಾಕುಗಳಿಗೆ ನಮಸ್ಕಾರ.

ನೇರ ವಿಷಯಕ್ಕೇ ಬರುತ್ತೇವೆ. ಈ ದೀಪಾವಳಿ ಆದ ಮೇಲೆ ಸೋಲಾರ್ ವಾಟರ್ ಹೀಟರಿನ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಟ್ಯಾಂಕು ಸೋರಿದರೆ ನಾವು ವೆಲ್ಡಿಂಗ್ ಮಾಡಿಕೊಡುವುದಿಲ್ಲ. ಟ್ಯಾಂಕನ್ನೇ ಬದಲಾಯಿಸುತ್ತೇವೆ. ಮನೆಗೆ ಬಂದು ನೋಡಲು 300 ರೂಪಾಯಿ. ಕೆಲಸ ನಮಗೇ ಕೊಟ್ಟರೆ ಅಷ್ಟನ್ನೂ ಬಿಲ್ಲಿನಲ್ಲಿ ಕಳೆಯುತ್ತೇವೆ.

ಈ ಸುದ್ದಿ ಹೊರಬಿದ್ದಾಗಿನಿಂದ ಅಂಗಡಿಯ ಫೋನಿಗೆ ಬಿಡುವಿಲ್ಲ. ಎಲ್ಲರದೂ ಒಂದೇ ಮಾತು. "ಏನ್ರೀ, ಒಂದ್ ತೂತಿಗೆ ಪೂರಾ ಟ್ಯಾಂಕ್ ಬದಲಿ ಮಾಡಬೇಕೇನು? ಹೊಸಾದು ಮಾರಾಕ ಹಿಂಗಂತೀರಿ." ಕೇಳಿ ಬೇಜಾರಾಯಿತು, ಸುಳ್ಳು ಯಾಕೆ ಹೇಳೋದು.

ತೂತು ಒಂದೇ ಕಾಣುತ್ತೆ, ಖರೆ. ಆದರೆ ಸೋರುವುದು ಒಳಗಿನ ಟ್ಯಾಂಕು. ಅದರ ಸುತ್ತ ಬಿಸಿ ಹಿಡಿದಿಡುವ ಪಫ್ ಫೋಮು, ಅದರ ಮೇಲೆ ಹೊರಗಿನ ತಗಡು. ವೆಲ್ಡಿಂಗ್ ಮಾಡಬೇಕಂದರೆ ತಗಡು ಕೊಯ್ದು ಫೋಮು ಕೆತ್ತಬೇಕು. ಎಷ್ಟು ಜೋಪಾನ ಮಾಡಿದರೂ ಸುತ್ತಲಿನ ಫೋಮು ಕರಕಾಗುತ್ತೆ. ಸೋರಿದ ನೀರು ಕುಡಿದು ಉಳಿದದ್ದು ಮೊದಲೇ ತೊಯ್ದಿರುತ್ತೆ. ಒದ್ದೆ ಫೋಮು ಬಿಸಿ ಹಿಡಿಯಲ್ಲ. ಸಂಜೆ ಕಾದ ನೀರು ಬೆಳಗಾಗುವಷ್ಟರಲ್ಲಿ ಉಗುರುಬೆಚ್ಚಗೆ. ಆಗ ಮತ್ತೆ ಫೋನು: "ನೀವು ಮುಟ್ಟಿದ ಮೇಲೆ ಕೆಟ್ಟಿತು."

ಇನ್ನೊಂದು, ನಮ್ಮ ನೀರು. ಮಲಪ್ರಭೆ ನೀರು ಬಿಡುವ ದಿನ ಬಿಟ್ಟರೆ ಎಷ್ಟೋ ಮನೆಗಳಲ್ಲಿ ಟೆರೇಸಿಗೆ ಏರುವುದು ಬೋರಿನ ಸವಳು ನೀರೇ. ಕಾದಷ್ಟೂ ಅದರೊಳಗಿನ ಸುಣ್ಣ ಕೆಳಗೆ ಕೂರುತ್ತೆ. ಜಿಐ ಮೇಲಿನ ಸತುವಿನ ಲೇಪನವೂ 60 ಡಿಗ್ರಿ ದಾಟಿದ ನೀರಿನಲ್ಲಿ ತಗಡನ್ನು ಸರಿಯಾಗಿ ಕಾಯಲ್ಲ. ಒಂದು ಹಳೆ ಟ್ಯಾಂಕು ಕೊಯ್ದು ಅಂಗಡಿ ಮುಂದೆ ಇಟ್ಟಿದ್ದೇವೆ, ಬಂದು ನೋಡಿ. ತಳದಲ್ಲಿ ಗೋಡೆಯಿಂದ ಕಿತ್ತ ಗಿಲಾಯಿಯಂಥ ಬಿಳಿ ಹೆಕ್ಕಳೆ, ಅರ್ಧ ಬಕೆಟ್ ತುಂಬಿತು. ಹಳೆ ವೆಲ್ಡಿಂಗಿನ ಪಕ್ಕ ನಮ್ಮ ಹುಡುಗ ಸ್ಕ್ರೂ ಡ್ರೈವರ್ ಸುಮ್ನೆ ಒತ್ತಿದ, ಹಪ್ಪಳಕ್ಕೆ ಬೆರಳಿಟ್ಟಂಗೆ ಒಳಗೆ ಹೋಯಿತು. ಅಲ್ಲಿ ಎಲ್ಲಿ ಅಂತ ವೆಲ್ಡಿಂಗ್ ಮಾಡೋದು ಹೇಳಿ.

ಇದನ್ನೆಲ್ಲ ಮೊದಲೇ ಹೇಳಬೇಕಿತ್ತು. ಅದು ನಮ್ಮ ತಪ್ಪು. ಪರಿಚಯದವರು ಕೇಳಿದರೆ ಇಲ್ಲ ಅನ್ನಲು ಬಾಯಿ ಬರಲ್ಲ. ಕೇಶ್ವಾಪುರದ ಮನೆಯೊಂದರಲ್ಲಿ ಹಾಗೆಯೇ ವೆಲ್ಡಿಂಗ್ ಮಾಡಿಕೊಟ್ಟೆವು. ಮೂರೇ ತಿಂಗಳಿಗೆ ಬೇರೆ ಕಡೆ ಒಡೆದು, ನೀರಿಳಿದು, ಕೆಳಗಿನ ಕೋಣೆಯಲ್ಲಿದ್ದ ಜೋಳದ ಚೀಲ ತೊಯ್ದವು. ದುಡ್ಡು ವಾಪಸ್ ಕೊಟ್ಟೆವು. ಆ ತಾಯಿ ಬೈಯಲಿಲ್ಲ, ಚಹಾ ಕೊಟ್ಟು ಕಳಿಸಿದರು. ಬೈದಿದ್ದರೇ ಚಲೋ ಇತ್ತು.

ಇನ್ನು ರೇಟಿನ ಮಾತು. "ಜಿಎಸ್‌ಟಿ ಇಳಿದೈತಲ್ಲ, ನಿಮ್ಮ ಬಿಲ್ ಯಾಕ ಇಳಿದಿಲ್ಲ?" ಸೋಲಾರ್ ವಾಟರ್ ಹೀಟರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದದ್ದು ಖರೆ. ಹೊಸ ಸೆಟ್ಟಿನ ಬಿಲ್ಲಿನಲ್ಲಿ ಅಷ್ಟನ್ನೂ ಇಳಿಸಿದ್ದೇವೆ, ಹಳೆ ಬಿಲ್ ಪಕ್ಕಕ್ಕಿಟ್ಟು ನೋಡಿಕೊಳ್ಳಿ. ಆದರೆ ರಿಪೇರಿ ಮಜೂರಿಗೆ ಈಗಲೂ ಶೇ 18. ಅದು ಸರ್ಕಾರಕ್ಕೆ ಹೋಗುತ್ತೆ, ನಮ್ಮ ಗಲ್ಲೆಗಲ್ಲ. ತಾಮ್ರದ ರೇಟಂತೂ ಕೇಳಬೇಡಿ. ಮೂರನೇ ಮಹಡಿಗೆ 200 ಲೀಟರಿನ ಟ್ಯಾಂಕು ಹಗ್ಗ ಕಟ್ಟಿ ಏರಿಸುವ ಹುಡುಗರ ಪಗಾರ ಕಡಿಮೆ ಮಾಡಿ ನಿಮಗೆ ರಿಯಾಯಿತಿ ಕೊಡಲು ನಮಗೆ ಮನಸ್ಸಿಲ್ಲ.

ಕೆಲವರು "ಕರೆಂಟ್ ಫ್ರೀ ಐತಿ, ಗೀಜರ್ ಹಾಕ್ಸ್ತೀವಿ ಬಿಡ್ರಿ" ಅಂದಿದ್ದಾರೆ. ಹಾಕಿಸಿಕೊಳ್ಳಿ, ತೊಂದರೆ ಇಲ್ಲ. ಒಂದು ಲೆಕ್ಕ ಮಾತ್ರ ನೋಡಿ. 25 ಡಿಗ್ರಿಯ 100 ಲೀಟರ್ ನೀರನ್ನು 60 ಡಿಗ್ರಿಗೆ ತರಲು ಸುಮಾರು 4 ಯೂನಿಟ್ ಬೇಕು. ದಿನಾ ಕಾಯಿಸಿದರೆ ತಿಂಗಳಿಗೆ 120. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಇಲ್ಲ. ನೀವು ಮೊದಲು ಉರಿಸಿದ ಯೂನಿಟ್ಟಿನ ಸರಾಸರಿಯ ಮೇಲೆ ಚೂರು ಸೇರಿಸಿ ಕೊಡುತ್ತಾರೆ. ಸೋಲಾರ್ ಇದ್ದ ಮನೆಯ ಸರಾಸರಿ ಮೊದಲೇ ಕಡಿಮೆ, ಅಲ್ವಾ?

ಸುಮ್ನೆ ಪೂರಾ ಸೆಟ್ ಮಾರುವುದಿಲ್ಲ. ಸ್ಟ್ಯಾಂಡು, ಪ್ಲೇಟು, ಪೈಪು ಗಟ್ಟಿಯಿದ್ದರೆ ಅವೇ ಇರಲಿ, ಟ್ಯಾಂಕು ಮಾತ್ರ ಬದಲಿ. ಬೋರಿನ ನೀರಿದ್ದ ಮನೆಗೆ ಒಳಗೆ ಗಾಜಿನ ಲೇಪನ ಇರುವ ಟ್ಯಾಂಕನ್ನೇ ಹಾಕುತ್ತೇವೆ. ಅದರ ಮೆಗ್ನೀಶಿಯಂ ರಾಡನ್ನು ವರ್ಷಕ್ಕೊಮ್ಮೆ ಬಿಚ್ಚಿ ತೋರಿಸುತ್ತೇವೆ. ಟ್ಯಾಂಕಿನ ಬದಲು ಆ ರಾಡು ಸವೆಯಬೇಕು, ಅದಕ್ಕೇ ಅದನ್ನು ಇಟ್ಟಿರುವುದು. ಹಳೆ ಟ್ಯಾಂಕನ್ನು ನಿಮ್ಮೆದುರೇ ತೂಕ ಹಾಕಿ ಗುಜರಿ ಬೆಲೆ ಬಿಲ್ಲಿನಲ್ಲಿ ಕಳೆಯುತ್ತೇವೆ.

ನೀರು ಕಾಯಿಸುವ ತಾಮ್ರದ ಬಂಬಿನ ಕೆಲಸ ನಿಲ್ಲಿಸಿದ್ದೇವಂತ ಯಾರೋ ಹಬ್ಬಿಸಿದ್ದಾರೆ. ಇಲ್ಲ. ತಾಮ್ರ ಬೆಸುಗೆ ಹಿಡಿಯುತ್ತೆ, ಅಜ್ಜಿಯ ಕಾಲದ್ದಿದ್ದರೂ ತನ್ನಿ. ನೀರು ತುಂಬುವ ಹಬ್ಬಕ್ಕೆ ಬೇಕಾದವರು ಒಂದು ವಾರ ಮೊದಲೇ ತಂದು ಕೊಡಿ. ಬೂದಿ ಝಾಡಿಸಿಕೊಂಡು ತಂದರೆ ಇನ್ನೂ ಉಪಕಾರ.

ನಿಮ್ಮ ಅಂಗಡಿಯವರು,
ಹುಬ್ಬಳ್ಳಿ