ದೂರಿಗೆ ಮೊಹರು ಬೀಳುವಷ್ಟರಲ್ಲಿ 71 ದಿನ

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮೂರಿನ ಹೆಣ್ಣುಮಗಳೊಬ್ಬಳು ಸಂಜೆ ಹೊತ್ತಿನಲ್ಲಿ ಮನೆಗೆ ಬಂದು ಜಗಲಿಯಲ್ಲಿ ಕುಳಿತಳು. ಶಿವಮೊಗ್ಗದ ಒಂದು ಮಳಿಗೆಯಲ್ಲಿ ಕೆಲಸಕ್ಕಿದ್ದವಳು, ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ರಜೆ ಇನ್ನೂ ಮುಗಿದಿಲ್ಲ, ಆಗಲೇ ‘ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ’ ಎಂದು ಮಾಲೀಕರು ತಿಳಿಸಿದ್ದಾರೆ. ‘ಅಕ್ಕಾ, ನೀವು ಆಗ ದೂರು ಕೊಟ್ಟಿದ್ದಿರಲ್ಲ, ಎಲ್ಲಿ ಕೊಡಬೇಕು?’ ಎಂದು ಕೇಳಿದಳು. ಎಲ್ಲಿ ಕೊಡಬೇಕೆಂಬ ಇಷ್ಟು ಸರಳ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಸಾಧ್ಯವಾಗಲಿಲ್ಲ. ಆ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಾನು ಶಿವಮೊಗ್ಗದ ಒಂದು ಸಗಟು ವ್ಯಾಪಾರದ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಹದಿನಾಲ್ಕು ಜನ ಕೆಲಸಗಾರರಿದ್ದೆವು. ಹೆರಿಗೆಗೆ ತೀರ್ಥಹಳ್ಳಿ ತಾಲ್ಲೂಕಿನ ತವರಿಗೆ ಬಂದೆ. 12 ವಾರದ ಸಂಬಳ ಬಂದು ನಿಂತುಹೋಯಿತು. ವಿಚಾರಿಸಿದರೆ ‘ಕಾನೂನಿನಲ್ಲಿ ಇರುವುದೇ ಅಷ್ಟು’ ಎಂದರು. ಮೊದಲ ಎರಡು ಮಕ್ಕಳಿಗೆ ಅದು 2017ರಲ್ಲೇ 26 ವಾರವಾಗಿದೆ ಎಂದು ನಾನು ಹೇಳಿದೆ. ಮರುದಿನ ಮೊಬೈಲ್‌ಗೆ ಒಂದೇ ಸಾಲಿನ ಸಂದೇಶ ಬಂತು: ಇನ್ನು ಕೆಲಸಕ್ಕೆ ಬರಬೇಕಾಗಿಲ್ಲ.

ಆರನೆಯ ದಿನ, ಆಷಾಢದ ಮಳೆಯಲ್ಲಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಅಮ್ಮನ ಜೊತೆ ಶಿವಮೊಗ್ಗದ ಬಸ್ ಹತ್ತಿದೆ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ದಾರಿ. ಮಂಡಗದ್ದೆ ದಾಟುವಷ್ಟರಲ್ಲಿ ಮಗು ಎರಡು ಸಲ ವಾಂತಿ ಮಾಡಿಕೊಂಡಿತು. ಮೊದಲು ಹೋದ ಕಚೇರಿಯಲ್ಲಿ ‘ಇ.ಎಸ್.ಐ. ಕಡಿತವಾಗುತ್ತಿತ್ತೇ?’ ಎಂದು ಕೇಳಿದರು. ನನ್ನ ಸಂಬಳ ಆ ನೌಕರರ ವಿಮೆಗಿದ್ದ 21,000 ರೂಪಾಯಿಯ ಮಿತಿಯನ್ನು ಸ್ವಲ್ಪ ದಾಟಿದ್ದರಿಂದ ಆಗುತ್ತಿರಲಿಲ್ಲ. ‘ಹಾಗಾದರೆ ಇದು ಹೆಂಗಸರ ವಿಷಯ, ಅದಕ್ಕೆ ಬೇರೆ ಕಚೇರಿ ಇದೆ’ ಎಂದು ಅರ್ಜಿಯನ್ನು ನನ್ನ ಕೈಗೇ ಮರಳಿಸಿದರು. ಮಗುವಿಗೆ ಜ್ವರ ಬಂದು ಎರಡು ವಾರ ಕಳೆದ ಮೇಲೆ ಆ ಬೇರೆ ಕಚೇರಿಗೆ ಹೋದೆ. ಲೈಂಗಿಕ ಕಿರುಕುಳ ಏನಾದರೂ ನಡೆದಿದೆಯೇ ಎಂದು ಅವರು ಕೇಳಿದರು. ಇಲ್ಲವೆಂದೆ. ‘ಹಾಗಿದ್ದರೆ ಇದು ಸಂಬಳದ ವಿಷಯ, ನಮ್ಮದಲ್ಲ’ ಎಂದರು. ಮತ್ತೆ ಮೊದಲಿನ ಕಚೇರಿಗೇ ಬಂದರೆ ಸಾಹೇಬರು ತಪಾಸಣೆಗೆ ಹೋಗಿದ್ದಾರೆ ಎಂಬ ಉತ್ತರ. ಯಾರೂ ಒರಟಾಗಿ ಮಾತನಾಡಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬರು ಮಗುವಿಗೆ ಹಾಲು ಕುಡಿಸಲು ಒಳಗೆ ಕೋಣೆಯನ್ನೂ ಬಿಟ್ಟುಕೊಟ್ಟರು. ಆದರೆ ನಾನು ಬಂದು ಹೋಗಿದ್ದಕ್ಕೆ ಎಲ್ಲಿಯೂ ಒಂದು ಚೀಟಿ ಸಿಗಲಿಲ್ಲ.

ಕೊನೆಗೆ ಪರಿಚಯದವರೊಬ್ಬರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ಹೇಳಿದರು. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅಷ್ಟು ಓದಿದ ನನಗೇ ಇದು ಗೊತ್ತಿರಲಿಲ್ಲ. ವಕೀಲರು ಜೊತೆಗೆ ಬಂದ ದಿನ, ನಾನು ಮೊದಲು ಹೋಗಿದ್ದ ಅದೇ ಕಚೇರಿಯ ಟಪಾಲು ವಿಭಾಗದಲ್ಲಿ ಅರ್ಜಿ ತೆಗೆದುಕೊಂಡು ಮೊಹರು ಒತ್ತಿ ಸ್ವೀಕೃತಿ ಕೊಟ್ಟರು. ಐದು ನಿಮಿಷದ ಕೆಲಸ. ಅಂದಿಗೆ ಆ ಸಂದೇಶ ಬಂದು 71 ದಿನವಾಗಿತ್ತು.

ಹೆರಿಗೆ ರಜೆಯಲ್ಲಿರುವವಳನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಹಾಗೆ ತೆಗೆದರೆ, ಆದೇಶ ತಿಳಿದ 60 ದಿನದೊಳಗೆ ಆಕೆ ಮೇಲ್ಮನವಿ ಸಲ್ಲಿಸಬೇಕು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 60 ದಿನ. ನನ್ನ 60 ದಿನ ಬಸ್ಸಿನಲ್ಲಿ, ಕಚೇರಿಯ ಬೆಂಚಿನ ಮೇಲೆ, ಜ್ವರದ ಮಗುವಿನ ಪಕ್ಕದಲ್ಲಿ ಮುಗಿದುಹೋಗಿದ್ದವು. ಉಳಿದ 14 ವಾರದ ಸಂಬಳವನ್ನು ಅಧಿಕಾರಿಗಳು ಕೊಡಿಸಿದರು, ಅವರಿಗೆ ನಾನು ಋಣಿ. ಕೆಲಸದಿಂದ ತೆಗೆದದ್ದು ಸರಿಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಗಡುವು ದಾಟಿತ್ತು.

ಹೀಗಾಗುವುದಕ್ಕೆ ಗುಮಾಸ್ತರೊಬ್ಬರನ್ನು ದೂರಿ ಪ್ರಯೋಜನವಿಲ್ಲ. ಖಾಸಗಿ ಕೆಲಸದ ಜಾಗದಲ್ಲಿ ನಡೆಯುವ ತಾರತಮ್ಯಕ್ಕೆಲ್ಲ ಸೇರಿ ನಮ್ಮಲ್ಲಿ ಒಂದು ಕಾಯ್ದೆ ಇಲ್ಲ. ಸಂವಿಧಾನದ 16ನೇ ವಿಧಿ ಹೇಳುವುದು ಸರ್ಕಾರಿ ಉದ್ಯೋಗದ ಮಾತು. ಸಮಾನ ಕೂಲಿಗೆ 1976ರಲ್ಲಿ ಒಂದು ಕಾಯ್ದೆ ಬಂತು, ಲೈಂಗಿಕ ಕಿರುಕುಳಕ್ಕೆ 2013ರಲ್ಲಿ, ಅಂಗವಿಕಲರಿಗೆ 2016ರಲ್ಲಿ. ಪ್ರತಿಯೊಂದಕ್ಕೂ ಬೇರೆ ಬಾಗಿಲು. ಅಡಿಕೆ ಸುಲಿಯುವ ಮನೆಗಳಲ್ಲಿ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಲೆಕ್ಕ ಹಾಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ಕುಳಿತ ಹೆಂಗಸು ಯಾವ ಬಾಗಿಲು ತಟ್ಟಬೇಕು, ಅವಳಿಗೆ ಯಾರು ಹೇಳುತ್ತಾರೆ?

ಹಿರಿಯರೊಬ್ಬರು ನನಗೆ ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂದು ಬುದ್ಧಿ ಹೇಳಿದ್ದರು. ನಾನು ಉಂಡದ್ದು ದುಡಿದ ಅನ್ನ. ಗೇಣಿಯ ಭತ್ತ ಅಳೆಯುವ ಕೊಳಗ ಸರಿಯಿಲ್ಲವೆಂದು 1951ರಲ್ಲಿ ಗೇಣಿದಾರರು ಧಣಿಗಳ ಎದುರು ನಿಂತ ಕಾಗೋಡು ಇರುವುದು ನಮ್ಮದೇ ಜಿಲ್ಲೆಯಲ್ಲಿ. ಸರಿಯಾದ ಅಳತೆ ಕೇಳುವುದನ್ನು ಇಲ್ಲಿ ದ್ರೋಹವೆಂದು ಕರೆಯಬಾರದು.

ಜಿಲ್ಲಾಡಳಿತವನ್ನು ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದು ಒಳ್ಳೆಯ ನಿಯಮವಿದೆ. ಅರ್ಜಿ ತಪ್ಪು ಕಚೇರಿಗೆ ಹೋದರೆ ಅದನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳುಹಿಸಿ ಅರ್ಜಿದಾರರಿಗೆ ತಿಳಿಸುವುದು ಆ ಕಚೇರಿಯದೇ ಹೊಣೆ. ಕೆಲಸದ ಜಾಗದ ತಾರತಮ್ಯದ ದೂರಿಗೂ ನಮ್ಮ ಜಿಲ್ಲೆಯಲ್ಲಿ ಹಾಗೆಯೇ ಮಾಡಲಿ. ಮೊದಲು ಮುಟ್ಟಿದ ಕಚೇರಿಯೇ ಅರ್ಜಿ ತೆಗೆದುಕೊಂಡು ಮೊಹರು ಒತ್ತಲಿ. ತಮ್ಮ ವ್ಯಾಪ್ತಿಯಲ್ಲವೆಂದಾದರೆ ಬಾಯಿಮಾತಿನಲ್ಲಿ ಕಳುಹಿಸದೆ, ಯಾರ ವ್ಯಾಪ್ತಿ, ಗಡುವು ಎಷ್ಟು ಎಂದು ಹಿಂಬರಹ ಬರೆದುಕೊಡಲಿ. ಹೊಸನಗರ, ಸೊರಬದಂಥ ಕಡೆಯಿಂದ ಬರುವವರಿಗೆ ಒಂದು ವ್ಯರ್ಥ ಓಡಾಟವೆಂದರೆ ಒಂದು ದಿನದ ಕೂಲಿ ಹೋದಂತೆ.

ಸೋಮವಾರ ಆ ಹೆಣ್ಣುಮಗಳ ಜೊತೆ ನಾನೂ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅರ್ಜಿಯ ಎರಡು ಪ್ರತಿ ಬರೆದಿಟ್ಟಿದ್ದೇವೆ, ಒಂದು ಕೊಡುವುದಕ್ಕೆ, ಇನ್ನೊಂದು ಮೊಹರು ಹಾಕಿಸಿಕೊಳ್ಳುವುದಕ್ಕೆ. ಅಂದಿಗೆ ಅವಳಿಗೆ ಹತ್ತೊಂಬತ್ತನೆಯ ದಿನ.

ಇಂತಿ,
ತಮ್ಮ ಓದುಗಾರ್ತಿ, ತೀರ್ಥಹಳ್ಳಿ ತಾಲ್ಲೂಕು

(ಈಗ ಬೇರೆ ಕಡೆ ಕೆಲಸದಲ್ಲಿರುವುದರಿಂದ ಹೆಸರು ಪ್ರಕಟಿಸಬಾರದಾಗಿ ವಿನಂತಿ.)