ಕಂಕನಾಡಿಯಲ್ಲಿ ತೆನೆ ತಂದುಕೊಟ್ಟ ಅಣ್ಣನಿಗೆ

ಸೆಪ್ಟೆಂಬರ್ 8, ಮೊಂತಿ ಫೆಸ್ತ್: ನಮ್ಮ ಮಂಗಳೂರಿನ ಕ್ಯಾಥೊಲಿಕರಿಗೆ ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ಭತ್ತದ ತೆನೆಯ ಹಬ್ಬ. ಆಫೀಸಿನಲ್ಲಿ ರಜೆ ಸಿಗಲಿಲ್ಲ. ಬೆಳಿಗ್ಗೆ ಬೇಗ ಪೂಜೆಗೆ ಹೋಗಿ, ಆಶೀರ್ವಾದದ ತೆನೆ ಹಿಡಿದು ಸೀದಾ ಕೆಲಸಕ್ಕೆ ಹೋದೆ. ಮನೆಯಲ್ಲಿ ಐದು ಜನ, ಐದು ತೆನೆ. ಅಮ್ಮನಿಗೆ ಮಂಡಿನೋವು, ಈ ಸಲ ಚರ್ಚಿಗೆ ಬರಲಾಗಲಿಲ್ಲ. ಹಾಗಾಗಿ ಅವರಿಗೆ ಆ ತೆನೆಯೇ ಹಬ್ಬ.

ಸಂಜೆ ಜೋರು ಮಳೆ. ಹಂಪನಕಟ್ಟೆಯಿಂದ ಬಸ್ ತುಂಬಿತ್ತು. ಕಂಕನಾಡಿಯಲ್ಲಿ ಇಳಿದ ಮೇಲೆ ನೋಡಿದರೆ ಕೈಯಲ್ಲಿ ಬ್ಯಾಗ್ ಮಾತ್ರ ಇದೆ, ತೆನೆಯ ಕವರ್ ಇಲ್ಲ! ಸ್ಟಾಪಿನಲ್ಲೇ ನಿಂತು ಅತ್ತುಬಿಟ್ಟೆ. ಅಮ್ಮನಿಗೆ ಏನೆಂದು ಹೇಳುವುದು?

ಸುಮಾರು ಹೊತ್ತಾದ ಮೇಲೆ ನೀವು ಬಂದಿರಿ. ಪಂಪ್‌ವೆಲ್‌ನಲ್ಲಿ ಇಳಿದು ವಾಪಸ್ ನಡೆದುಕೊಂಡೇ ಬಂದಿದ್ದಿರಿ. ಕೊಡೆ ಇತ್ತು, ಆದರೆ ಅದನ್ನು ಕವರಿಗೆ ಹಿಡಿದು ನೀವೇ ಪೂರ್ತಿ ಒದ್ದೆಯಾಗಿದ್ದಿರಿ. "ನಮ್ಮ ಮನೆಗೂ ತೆನೆ ತರ್ತೇವೆ ಅಕ್ಕ. ಸೀಟಿನಲ್ಲಿ ಬಿಟ್ಟು ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ" ಅಂದಿರಿ. ಹೆಸರು ಕೇಳುವಷ್ಟರಲ್ಲಿ ರಸ್ತೆ ದಾಟಿ ಹೋಗಿದ್ದಿರಿ.

ಅಣ್ಣ, ಒಂದು ಕಾಳೂ ಉದುರಿರಲಿಲ್ಲ. ಅಮ್ಮ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲದ ಪಾಯಸಕ್ಕೆ ಹಾಕಿದರು. ಪ್ರಾರ್ಥನೆ ಮುಗಿಸಿ, ಎಲ್ಲರಿಗೂ ಅವರೇ ಬಡಿಸಿದರು. ಆಮೇಲೆ ಏಳು ಬಗೆಯ ತರಕಾರಿಯ ಊಟ. ನಿಮ್ಮ ವಿಷಯ ಹೇಳಿದಾಗ ಅಮ್ಮ ಇನ್ನೊಂದು ಲೋಟ ಪಾಯಸ ತೆಗೆದಿಟ್ಟರು, ನೀವು ಬರುವುದಿಲ್ಲ ಅಂತ ಗೊತ್ತಿದ್ದರೂ. ತುಂಬಾ ತುಂಬಾ ಧನ್ಯವಾದ, ಅಣ್ಣ.